ಕೈಗಡಿಯಾರದ ಕುಲವೂ ಗುಣವೂ

ಕಾವ್ಯವನ್ನು ವಿಮರ್ಶಿಸುವವರು ಅದರ ಕುಲವನ್ನು ಒಂದು ಕಡೆಗೂ ಗುಣವನ್ನು ಇನ್ನೊಂದು ಕಡೆಗೂ ಇಟ್ಟು ನೋಡುವದು ರೂಢಿ. ಕುಲವೆಂದರೆ ಆ ಕೃತಿಯು ಯಾವ ಪರಂಪರೆಯಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಇಳಿದು ಬಂದಿತು ಎಂಬ ವೃತ್ತಾಂತ. ಗುಣವೆಂದರೆ ಅದು ತಾನು ಕೈಕೊಂಡ ಕೆಲಸವನ್ನು ಎಷ್ಟರ ಮಟ್ಟಿಗೆ ಸಾಧಿಸಿತು ಎಂಬ ವಿಚಾರ. ಇವೆರಡನ್ನೂ ಒಂದರಲ್ಲೊಂದು ಕಲಸಿದರೆ ವಿಮರ್ಶೆಯು ಕೆಡುವದು; ಹಳೆಯದೆಲ್ಲವೂ ಒಳ್ಳೆಯದೆಂದೂ, ಸುಲಭವಾಗಿ ದೊರೆಯಲಾರದ್ದೆಲ್ಲವೂ ಶ್ರೇಷ್ಠವೆಂದೂ ಭ್ರಮೆ ಹುಟ್ಟುವದು. ಕಾವ್ಯಕ್ಕೆ ಸಲ್ಲುವ ಈ ಮಾತು ಮನುಷ್ಯನ ಕೈಯಿಂದ ಹುಟ್ಟಿದ ಇತರ ಕೃತಿಗಳಿಗೂ ಸಲ್ಲತಕ್ಕದ್ದು. ಕೈಗಡಿಯಾರವು ಅಂಥದೊಂದು ಕೃತಿ. ಅದಕ್ಕೂ ರೂಪವುಂಟು, ಅರ್ಥವುಂಟು, ಅಲಂಕಾರವುಂಟು, ದೋಷವೂ ಉಂಟು. ಆದರೆ ಅದನ್ನು ಕೃತಿಯೆಂದು ಓದಿದವರು ವಿರಳ; ಬೆಲೆ ಕೇಳಿ ಬೆರಗಾದವರೇ ಬಹಳ.

ಜಮಖಂಡಿ ತಾಲೂಕಿನ ಸಾವಳಗಿಯಂಥ ಊರಿನಲ್ಲಿ ಮುಂಗೈಯ ಮೇಲಿನ ಗಡಿಯಾರಕ್ಕೆ ಒಂದು ಕಾಲಕ್ಕಿದ್ದ ಮಾನವನ್ನು ಹಿರಿಯರು ಬಲ್ಲರು. ಹಗಲಿನ ಹೊತ್ತನ್ನು ನೆರಳಿನಿಂದಲೂ ಇರುಳಿನ ಹೊತ್ತನ್ನು ಚಿಕ್ಕೆಗಳಿಂದಲೂ ಅಳೆಯುತ್ತಿದ್ದ ಒಕ್ಕಲುಮನೆಗಳಿಗೆ ಅದು ಬಂದದ್ದು ಬಹುಮಟ್ಟಿಗೆ ಮದುವೆಯ ಉಡುಗೊರೆಯಾಗಿ. ಅಳಿಯನಿಗೆ ಉಂಗುರದ ಜೊತೆಗೆ ಗಡಿಯಾರವನ್ನೂ ಕೊಡುವದು ಮಾವನ ಮನೆಯವರ ಮರ್ಯಾದೆಯ ಪ್ರಶ್ನೆಯಾಗಿದ್ದಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೂ, ನೌಕರಿಯಿಂದ ನಿವೃತ್ತರಾದ ಮಾಸ್ತರರಿಗೂ ಅದೇ ಬಹುಮಾನ. ಮುಂದೆ ಹೊಲಕ್ಕೆ ಪಂಪು ಬಂದಿತು. ವಿದ್ಯುತ್ತಿನ ಪಾಳಿಯನ್ನು ಕಾಯ್ದು ಕಬ್ಬಿಗೆ ನೀರು ಬಿಡುವ ರೈತನಿಗೂ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಪಾಳಿಯ ಮೇಲೆ ದುಡಿಯುವ ನೇಕಾರನಿಗೂ ಗಡಿಯಾರವು ಶೋಭೆಯ ವಸ್ತುವಾಗಿ ಉಳಿಯದೆ ದುಡಿಮೆಯ ಸಂಗಾತಿಯಾಯಿತು. ಆ ಮುಂಗೈಗಳ ಮೇಲೆ ಬಹುಕಾಲ ಮಿಡಿದದ್ದು ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಗಡಿಯಾರ, ಅದರಲ್ಲಿಯೂ ಹೆಸರಿನಂತೆಯೇ ಜನರದಾಗಿದ್ದ ‘ಜನತಾ’.

ಇಂದು ಆ ಜನತಾ ಗಡಿಯಾರವನ್ನು ಸಂಗ್ರಾಹಕರು ಹುಡುಕುತ್ತಿರುವರು. ಅದನ್ನು ಹೊಗಳುವಾಗ ಅವರು ಬಳಸುವ ಮಾತು ‘ಅಪೂರ್ವ’ ಎಂಬುದು. ಇದೇ ಮಾತನ್ನು ಅವರು ಜರ್ಮನಿಯ ಗ್ಲಾಸ್‌ಹ್ಯೂಟೆ ಎಂಬ ಸಣ್ಣ ಊರಿನಲ್ಲಿ ತಯಾರಾಗುವ, ಹತ್ತಾರು ಲಕ್ಷ ರೂಪಾಯಿ ಬೆಲೆಬಾಳುವ ಲಾಂಗೆ ಮನೆತನದ ಗಡಿಯಾರಗಳಿಗೂ ಬಳಸುವರು. ಒಂದು ಬಂಗಾರದ್ದು, ಒಂದು ಸಾದಾ ಲೋಹದ್ದು. ಒಂದನ್ನು ಕೆಲವೇ ಜನರಿಗಾಗಿ ಮಾಡಿದರು, ಇನ್ನೊಂದನ್ನು ಎಲ್ಲರಿಗಾಗಿ ಮಾಡಿದರು. ಎರಡಕ್ಕೂ ಒಂದೇ ವಿಶೇಷಣವು ಸಲ್ಲುವದಾದರೆ ಆ ವಿಶೇಷಣದಲ್ಲಿಯೇ ಏನೋ ಕೊರತೆ ಇರಬೇಕು. ಅಪೂರ್ವತೆಯೆಂಬುದು ವಸ್ತುವಿನ ಗುಣವೇ, ಅಥವಾ ಅದು ಪೇಟೆಯ ಸ್ಥಿತಿಯೇ? ಈ ಪ್ರಶ್ನೆಯನ್ನು ಬಿಡಿಸಬೇಕಾದರೆ ಎರಡು ಗಡಿಯಾರಗಳನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗುವದು. ಆ ಒರೆಗಲ್ಲನ್ನು ಹೊರಗೆ ಹುಡುಕಬೇಕಾಗಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವು ಔಚಿತ್ಯದಲ್ಲಿರುವದೆಂದು ವಾದಿಸಿದನು. ಯಾವ ಅಂಗವು ಎಲ್ಲಿರಬೇಕೋ ಅಲ್ಲಿ, ಎಷ್ಟಿರಬೇಕೋ ಅಷ್ಟು, ಯಾರ ಸಲುವಾಗಿಯೋ ಅವರಿಗೆ ತಕ್ಕಂತೆ ಇರುವದೇ ಔಚಿತ್ಯ. ಗಡಿಯಾರವನ್ನು ತೂಗಲಿಕ್ಕೆ ಇದಕ್ಕಿಂತ ನೇರವಾದ ತಕ್ಕಡಿಯು ಬೇರೆ ಬೇಕಾಗಿಲ್ಲ.

ಮೊದಲು ಯಂತ್ರದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವದು ಲೇಸು. ಗಡಿಯಾರವೆಂಬ ಮಾತಿನಲ್ಲಿ ಗಳಿಗೆಯು ಅಡಗಿರುವದು. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಒಂದು ಗಳಿಗೆಯೆಂದು, ಅರ್ಥಾತ್ ೨೪ ನಿಮಿಷವೆಂದು ಎಣಿಸುತ್ತಿದ್ದರು. ಇಂಥ ೬೦ ಗಳಿಗೆಗಳಿಗೆ ಒಂದು ಅಹೋರಾತ್ರಿ. ಚಾವಿ ಕೊಡುವ ಕೈಗಡಿಯಾರದಲ್ಲಿ ನೀರಿನ ಸ್ಥಾನದಲ್ಲಿ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯಿರುವದು. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲವು ಹಲ್ಲಿನ ಗಾಲಿಗಳ ಸಾಲಿನಲ್ಲಿ ಹರಿದು, ಕೊನೆಗೆ ಅತ್ತಿಂದಿತ್ತ ತೂಗುವ ಒಂದು ಚಿಕ್ಕ ಗಾಲಿಯನ್ನು ಮುಟ್ಟುವದು. ಈ ತೂಗುಗಾಲಿಯು ಕೂದಲೆಳೆಯಷ್ಟು ಸಣ್ಣದಾದ ಸ್ಪ್ರಿಂಗಿನ ಕಟ್ಟಿಗೆ ಒಳಪಟ್ಟು, ಒಂದೊಂದು ತೂಗಿಗೆ ಒಂದೊಂದು ಹೆಜ್ಜೆಯಂತೆ ಆ ಬಲವನ್ನು ಅಳೆದು ಬಿಡುವದು. ಬನಹಟ್ಟಿಯ ಮಗ್ಗದಲ್ಲಿ ಲಾಳಿಯು ಒಮ್ಮೆ ಅತ್ತ ಹೋದರೆ ಒಂದು ಎಳೆ, ಒಮ್ಮೆ ಇತ್ತ ಬಂದರೆ ಮತ್ತೊಂದು ಎಳೆ ಕೂಡುವಂತೆ, ಇಲ್ಲಿ ತೂಗಿಗೆ ತೂಗು ಕೂಡಿ ಹೊತ್ತಿನ ಬಟ್ಟೆಯು ನೇಯಲ್ಪಡುವದು. ಗಾಲಿಗಳ ತುದಿಗಳು ತಿಕ್ಕಿ ಸವೆಯದಂತೆ ಅವುಗಳನ್ನು ಕೃತಕ ಮಾಣಿಕ್ಯದ ಸಣ್ಣ ಕಲ್ಲುಗಳಲ್ಲಿ ಕೂಡಿಸುವರು. ‘ಹದಿನೇಳು ಕಲ್ಲಿನ ಗಡಿಯಾರ’ ಎಂದು ಜನರು ಹೆಮ್ಮೆಯಿಂದ ಹೇಳುತ್ತಿದ್ದುದು ಇವನ್ನೇ. ಅವು ಆಭರಣದ ರತ್ನಗಳಲ್ಲ, ದುಡಿಯುವ ರತ್ನಗಳು.

ಇನ್ನು ಜರ್ಮನಿಯ ಗಡಿಯಾರದ ಕುಲವೃತ್ತಾಂತ. ಸ್ಯಾಕ್ಸನಿ ಪ್ರಾಂತದ ಬೆಟ್ಟಗಳ ನಡುವಿನ ಗ್ಲಾಸ್‌ಹ್ಯೂಟೆಯು ಹಿಂದೆ ಗಣಿಗಳಿಂದ ಬದುಕಿದ ಊರು. ಗಣಿಗಳು ಬರಿದಾದ ಮೇಲೆ ಅಲ್ಲಿ ಬಡತನವು ನೆಲಸಿತು. ಡ್ರೆಸ್ಡೆನ್ನಿನ ಗಡಿಯಾರಗಾರ ಫರ್ಡಿನಂಡ್ ಅಡೋಲ್ಫ್ ಲಾಂಗೆಯು ಸ್ಯಾಕ್ಸನಿ ಸರಕಾರದಿಂದ ಸಾಲ ಪಡೆದು, ೧೮೪೫ನೆಯ ಇಸ್ವಿಯ ಡಿಸೆಂಬರ ೭ರಂದು, ಆ ಊರಿನಲ್ಲಿ ೧೫ ಜನ ಶಿಷ್ಯರೊಡನೆ ಕಾರ್ಯವನ್ನು ಆರಂಭಿಸಿದನು. ಹಳ್ಳಿಯ ಹುಡುಗರಿಗೆ ಕಸಬು ಕಲಿಸುವದು, ಕಲಿತವರು ತಮ್ಮ ಕಾಲ ಮೇಲೆ ನಿಂತು ಬೇರೆ ಬೇರೆ ಭಾಗಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರಗಳನ್ನು ಹೂಡುವದು, ಹೀಗೆ ಇಡಿಯ ಊರೇ ಒಂದು ಗಡಿಯಾರಶಾಲೆಯಾಗುವದು ಅವನ ಯೋಜನೆಯಾಗಿದ್ದಿತು. ಅಳತೆಗೆ ಅವನು ಮೆಟ್ರಿಕ್ ಪದ್ಧತಿಯನ್ನು ತಂದನು. ಗಾಲಿಗಳನ್ನು ಬೇರೆ ಬೇರೆ ಸೇತುವೆಗಳಿಂದ ಹಿಡಿದಿಡುವ ಬದಲು ಯಂತ್ರದ ಮುಕ್ಕಾಲು ಪಾಲನ್ನು ಮುಚ್ಚುವ ಒಂದೇ ತಗಡಿನಿಂದ ಭದ್ರಪಡಿಸುವ ಕ್ರಮವನ್ನು ೧೮೬೪ರ ಹೊತ್ತಿಗೆ ಸಿದ್ಧಪಡಿಸಿದನು. ೧೮ ವರ್ಷ ಆ ಊರಿನ ನಗರಾಧ್ಯಕ್ಷನಾಗಿದ್ದು, ೧೮೭೫ರಲ್ಲಿ ತೀರಿಕೊಂಡನು. ಈ ಕುಲದ ಮೂಲಪುರುಷನು ಅರಮನೆಯ ವಿಲಾಸಕ್ಕಾಗಿ ಹೊರಟವನಲ್ಲ, ಹಸಿದ ಊರಿಗೆ ಕಸಬು ಕೊಡಲಿಕ್ಕೆ ಹೊರಟವನೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಆ ಮನೆತನದ ಇಂದಿನ ಕೀರ್ತಿಗೆ ಕಾರಣವಾದ ಕೃತಿ ‘ಲಾಂಗೆ ೧’. ಇದು ೧೯೯೪ನೆಯ ಇಸ್ವಿಯ ಅಕ್ಟೋಬರ ೨೪ರಂದು ಡ್ರೆಸ್ಡೆನ್ನಿನ ಅರಮನೆಯಲ್ಲಿ ಬೇರೆ ಮೂರು ಗಡಿಯಾರಗಳೊಡನೆ ಪ್ರಕಟವಾಯಿತು. ಇದರ ಮುಖವನ್ನು ಮೊದಲ ಸಲ ನೋಡಿದವನಿಗೆ ಏನೋ ತಪ್ಪಿದಂತೆ ತೋರುವದು. ತಾಸು ನಿಮಿಷಗಳ ವರ್ತುಲವು ನಡುವಿನಲ್ಲಿಲ್ಲ, ಎಡಕ್ಕೆ ಸರಿದಿರುವದು. ಬಲಗಡೆಯ ಮೇಲ್ಭಾಗದಲ್ಲಿ ಎರಡು ಚೌಕಟ್ಟುಗಳೊಳಗೆ ದೊಡ್ಡ ಅಂಕೆಗಳಲ್ಲಿ ತಾರೀಖು. ಕೆಳಗೆ ಸೆಕೆಂಡಿನ ಸಣ್ಣ ವರ್ತುಲ. ಇವೆರಡರ ನಡುವೆ, ಅಂಚಿನಲ್ಲಿ, ಚಾವಿಯ ಬಲವು ಇನ್ನೆಷ್ಟು ಉಳಿದಿರುವದೆಂದು ತೋರಿಸುವ ಒಂದು ಮುಳ್ಳು. ಆದರೂ ಯಾವದೂ ಯಾವದನ್ನೂ ಮರೆಮಾಡುವದಿಲ್ಲ. ಬಾದಾಮಿಯ ಮೊದಲನೆಯ ಗುಹೆಯ ಬಳಿಯ ನಟರಾಜನನ್ನು ಕಂಡವರಿಗೆ ಈ ರಚನೆಯ ಮರ್ಮವು ಬೇಗನೆ ತಿಳಿಯುವದು. ಅಲ್ಲಿ ಹದಿನೆಂಟು ಕೈಗಳಿದ್ದರೂ ಗದ್ದಲವಿಲ್ಲ. ದೇಹವು ಒಂದು ಕಡೆಗೆ ಬಾಗಿದ್ದರೂ ಬೀಳುವ ಭಯವಿಲ್ಲ. ಬಾಗಿದ ಕಡೆಯ ಭಾರವನ್ನು ಚಾಚಿದ ಕೈಗಳು ಎತ್ತಿ ಹಿಡಿದಿರುವವು. ಲಾಂಗೆಯ ಮುಖದಲ್ಲಿಯೂ ಎಡದ ದೊಡ್ಡ ವರ್ತುಲದ ಭಾರಕ್ಕೆ ಬಲದ ಮೂರು ಚಿಕ್ಕ ಅಂಗಗಳು ಪ್ರತಿಭಾರವಾಗಿ ನಿಂತಿರುವವು. ಸಮತೋಲಕ್ಕೆ ಸಮವಿಭಾಗವೇ ಬೇಕೆಂಬ ನಿಯಮವಿಲ್ಲವೆಂದು ಈ ಗಡಿಯಾರವು ಸಾಧಿಸಿ ತೋರಿಸಿತು.

ಆ ದೊಡ್ಡ ತಾರೀಖಿಗೂ ಒಂದು ಪೂರ್ವಜನ್ಮವುಂಟು. ಡ್ರೆಸ್ಡೆನ್ನಿನ ಸಂಗೀತನಾಟಕ ಮಂದಿರದಲ್ಲಿ, ದೂರದ ಆಸನದವರಿಗೂ ಹೊತ್ತು ಕಾಣಬೇಕೆಂದು, ಮುಳ್ಳುಗಳ ಬದಲು ಅಂಕೆಗಳನ್ನೇ ತೋರಿಸುವ, ಐದು ನಿಮಿಷಕ್ಕೊಮ್ಮೆ ಬದಲಾಗುವ ಗಡಿಯಾರವನ್ನು ೧೮೪೧ರಲ್ಲಿ ಗುಟ್‌ಕೇಸ್ ಎಂಬ ಗಡಿಯಾರಗಾರನು ಮಾಡಿದನು. ಲಾಂಗೆಯು ಅವನ ಶಿಷ್ಯನು, ಮುಂದೆ ಅವನ ಅಳಿಯನು. ೧೯೯೪ರ ಗಡಿಯಾರದ ತಾರೀಖು ಆ ರಂಗಮಂದಿರದ ಗಡಿಯಾರದ ನೆನಪನ್ನು ಮುಂಗೈಯ ಮೇಲೆ ತಂದಿತು. ಇಲ್ಲಿ ಪರಂಪರೆಯು ಬರಿಯ ಅಲಂಕಾರವಾಗದೆ ಓದುವವನ ಕಣ್ಣಿಗೆ ಉಪಕಾರಿಯಾಗಿರುವದು. ಕುಲವು ಗುಣವಾಗಿ ಮಾರ್ಪಟ್ಟ ಜಾಗವಿದು. ಈ ಗಡಿಯಾರದ ಅತ್ಯುತ್ತಮ ಭಾಗವೂ ಇದೇ.

ಗಡಿಯಾರವನ್ನು ತಿರುವಿದರೆ ಬೇರೊಂದು ಲೋಕವು ತೆರೆಯುವದು. ತಾಮ್ರ, ನಿಕಲ್, ಸತುವು ಕೂಡಿದ ‘ಜರ್ಮನ್ ಸಿಲ್ವರ್’ ಎಂಬ ಬೆಳ್ಳಿಯಿಲ್ಲದ ಬಿಳಿಲೋಹದ ಮುಕ್ಕಾಲು ತಗಡು. ಅದರ ಮೇಲೆ ನೀರಿನ ಅಲೆಯಂಥ ಗೆರೆಗಳು. ಕಾಯಿಸಿ ನೀಲಿಯಾಗಿಸಿದ ಸ್ಕ್ರೂಗಳು. ಬಂಗಾರದ ಬಳೆಗಳಲ್ಲಿ ಕೂಡಿಸಿದ ಮಾಣಿಕ್ಯಗಳು. ತೂಗುಗಾಲಿಯನ್ನು ಹಿಡಿದ ಪಟ್ಟಿಯ ಮೇಲೆ ಕೈಯಿಂದಲೇ ಕೊರೆದ ಹೂಬಳ್ಳಿ. ಬಳ್ಳಿಯು ಒಂದರಂತೆ ಇನ್ನೊಂದಿರದು. ಒಂದು ಸಲ ಜೋಡಿಸಿದ ಯಂತ್ರವನ್ನು ಪೂರ್ತಿ ಬಿಚ್ಚಿ, ಒಪ್ಪ ಕೊಟ್ಟು, ಎರಡನೆಯ ಸಲ ಜೋಡಿಸುವರು. ಎರಡು ಉಕ್ಕಿನ ಪಟ್ಟಿಗಳುಳ್ಳ ಆ ಯಂತ್ರವು ಒಮ್ಮೆ ಚಾವಿ ಕೊಟ್ಟರೆ ೭೨ ತಾಸು ನಡೆಯುವದು. ಈ ಕೌಶಲ್ಯವನ್ನು ಮೆಚ್ಚದವನು ಅರಸಿಕನೇ ಸರಿ.

ಆದರೆ ವಿಮರ್ಶಕನ ಕೆಲಸವು ಮೆಚ್ಚುಗೆಯಲ್ಲಿ ಮುಗಿಯುವದಿಲ್ಲ. ಈ ಚಿತ್ತಾರವಷ್ಟೂ ಇರುವದು ಬೆನ್ನಿನ ಮೇಲೆ; ಗಡಿಯಾರವನ್ನು ಕಟ್ಟಿಕೊಂಡಾಗ ಅದು ಮುಂಗೈಯ ಚರ್ಮಕ್ಕೆ ಮಾತ್ರ ಕಾಣಿಸುವದು. ಇದನ್ನು ವಿನಯವೆನ್ನುವವರುಂಟು, ಒಡೆಯನೊಬ್ಬನೇ ಅನುಭವಿಸುವ ಗುಟ್ಟಿನ ವೈಭವವೆನ್ನುವವರೂ ಉಂಟು. ಎರಡೂ ನಿಜವೇ. ಹೊತ್ತು ತೋರಿಸುವ ಕೆಲಸಕ್ಕೆ ಆ ಹೂಬಳ್ಳಿಯಿಂದ ಒಂದು ಸೆಕೆಂಡಿನ ಲಾಭವೂ ಇಲ್ಲ. ಕಾವ್ಯದಲ್ಲಿ ಇಂಥ ಅಲಂಕಾರವು ರಸಕ್ಕೆ ಪೋಷಕವಾದರೆ ಗುಣ, ಅಲ್ಲದಿದ್ದರೆ ಭಾರ. ಇಲ್ಲಿ ಅದು ಭಾರವಾಗದಿರಲು ಒಂದೇ ಕಾರಣ: ಅದು ಕೊರೆಯುವ ಕೈಯನ್ನು ಬದುಕಿಸಿ ಇಟ್ಟಿರುವದು. ಆ ಕೈ ಇಲ್ಲದಂತಾಗಿ ಬರಿಯ ಯಂತ್ರವು ಬಳ್ಳಿಯನ್ನು ಒತ್ತಿದ ದಿನ, ಅದೇ ಬಳ್ಳಿಯು ದೋಷವಾಗುವದು.

ಇನ್ನು ಬೆಂಗಳೂರಿನ ಕುಲ. ಹಿಂದೂಸ್ತಾನ ಮಶಿನ್ ಟೂಲ್ಸ್ ಎಂಬ ಸರಕಾರಿ ಸಂಸ್ಥೆಯು ೧೯೫೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಅದು ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಕೈಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ ನೆಹರು ಅವರು ಬಿಡುಗಡೆ ಮಾಡಿದರು. ಅಲ್ಲಿಯವರೆಗೆ ಕೈಗಡಿಯಾರವೆಂದರೆ ಬಹುಮಟ್ಟಿಗೆ ಸ್ವಿಟ್ಜರ್ಲಂಡಿನಿಂದ ಬರುವ ಪರದೇಶದ ಸರಕು. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಸೂಕ್ಷ್ಮವಾದ ಭಾಗಗಳನ್ನು ಜೋಡಿಸುವ ಸಾಲುಗಳಲ್ಲಿ ಬಹು ಜನ ಹೆಣ್ಣುಮಕ್ಕಳು ದುಡಿದರು. ಗಡಿಯಾರಗಳಿಗೆ ಜನತಾ, ಸೋನಾ, ಕಂಚನ್, ಜವಾನ್, ಸುಜಾತಾ ಎಂದು ಈ ನೆಲದ ಹೆಸರುಗಳು ಬಂದವು. ಯಂತ್ರದ ಬೀಜವು ಪರದೇಶದ್ದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಾವಿನ ಕಸಿಯಲ್ಲಿ ಬೇರು ಒಂದರದು, ಕೊಂಬೆ ಇನ್ನೊಂದರದು, ಹಣ್ಣು ಮಾತ್ರ ತಿನ್ನುವವರದು.

ಜನತಾ ಗಡಿಯಾರದ ಮುಖವನ್ನು ಓದಬೇಕಾದರೆ ಹೆಚ್ಚಿನ ಪಾಂಡಿತ್ಯವು ಬೇಕಾಗದು. ಅದೇ ಅದರ ಮೊದಲ ಗುಣ. ತಿಳಿಬಣ್ಣದ ಮುಖ, ಅದರ ಮೇಲೆ ಎದ್ದು ಕಾಣುವ ಅಂಕೆ, ನಿಮಿಷದ ಗೆರೆಗಳನ್ನು ಮುಟ್ಟುವ ಉದ್ದನ್ನ ಮುಳ್ಳು, ನಡುವಿನಿಂದಲೇ ಹೊರಡುವ ಸೆಕೆಂಡಿನ ಕಡ್ಡಿ. ತಾರೀಖಿಲ್ಲ, ವಾರವಿಲ್ಲ, ಚಾವಿಯ ಬಲವನ್ನು ತೋರಿಸುವ ಮುಳ್ಳೂ ಇಲ್ಲ. ದಿನಾಲು ಬೆಳಿಗ್ಗೆ ಚಾವಿ ಕೊಡುವ ರೂಢಿಯೇ ಆ ಮುಳ್ಳಿನ ಕೆಲಸವನ್ನು ಮಾಡುವದು. ಹದಿನೇಳು ಕಲ್ಲು, ಪೆಟ್ಟು ಬಿದ್ದರೆ ತೂಗುಗಾಲಿಯ ತುದಿಯು ಮುರಿಯದಂತೆ ಕಾಯುವ ‘ಪ್ಯಾರಾಶಾಕ್’ ಏರ್ಪಾಡು. ಮುಖದ ಮೇಲಿನ ಮುಚ್ಚಳವು ಗಾಜಲ್ಲ, ಅಕ್ರಿಲಿಕ್. ಅದಕ್ಕೆ ಗೀರು ಬೇಗನೆ ಬೀಳುವದು, ಆದರೆ ತಿಕ್ಕಿ ಒಪ್ಪ ಕೊಟ್ಟರೆ ಗೀರು ಮಾಯುವದು, ಒಡೆದರೆ ಅಗ್ಗದಲ್ಲಿ ಬದಲಾಗುವದು. ಎತ್ತಿನ ಕೊಂಬು, ಗುದ್ದಲಿಯ ಕಾವು, ಮಗ್ಗದ ಚೌಕಟ್ಟು ತಗಲುವ ಮುಂಗೈಗೆ ಇದಕ್ಕಿಂತ ಉಚಿತವಾದ ಮುಚ್ಚಳವಿಲ್ಲ. ಒಂದೊಂದು ಅಭಾವಕ್ಕೂ ಒಂದೊಂದು ಕಾರಣವಿರುವದು. ಕಾರಣವುಳ್ಳ ಅಭಾವಕ್ಕೇ ಸಂಯಮವೆಂದು ಹೆಸರು.

ಇದೇ ಕುಲದ ಇನ್ನೊಂದು ಕೃತಿಯನ್ನು ವಿಮರ್ಶಕರು ಮರೆಯಬಾರದು. ಕಣ್ಣಿಲ್ಲದವರ ಸಲುವಾಗಿ ಎಚ್.ಎಂ.ಟಿ.ಯು ಬ್ರೈಲ್ ಗಡಿಯಾರವನ್ನು ತಯಾರಿಸಿತು. ಅದರ ಮುಚ್ಚಳವು ತೆರೆಯುವದು. ಮುಖದ ಮೇಲೆ ಉಬ್ಬಿದ ಚುಕ್ಕೆಗಳನ್ನೂ ಗಟ್ಟಿಮುಟ್ಟಾದ ಮುಳ್ಳುಗಳನ್ನೂ ಬೆರಳಿನಿಂದ ಮುಟ್ಟಿ ಹೊತ್ತನ್ನು ತಿಳಿಯಬಹುದು. ಕಣ್ಣಿನ ಕೃತಿಯಾಗಿದ್ದ ಗಡಿಯಾರವು ಇಲ್ಲಿ ಸ್ಪರ್ಶದ ಕೃತಿಯಾಯಿತು. ಗ್ಲಾಸ್‌ಹ್ಯೂಟೆಯ ಹೂಬಳ್ಳಿಯ ಎದುರಿಗೆ ಈ ಚುಕ್ಕೆಗಳನ್ನು ಇಟ್ಟು ನೋಡಿದರೆ, ಅಲಂಕಾರ ಯಾವದು, ಅರ್ಥ ಯಾವದು ಎಂಬ ಪ್ರಶ್ನೆಯು ತಾನಾಗಿ ಬಿಡಿಸಿಕೊಳ್ಳುವದು.

ಹಾಗೆಂದು ಜನತಾ ಗಡಿಯಾರವು ನಿರ್ದೋಷವೆಂದು ಯಾರೂ ಹೇಳಲಾರರು. ಅದರ ಯಂತ್ರದ ಬೆನ್ನಿಗೆ ಒಪ್ಪವಿಲ್ಲ. ಒಂದೇ ಹೆಸರಿನ ಕೆಳಗೆ ಬಗೆಬಗೆಯ ಮುಖಗಳು ಬಂದು, ಕೆಲವು ಚೆಲುವಾಗಿಯೂ ಕೆಲವು ಗೊತ್ತುಗುರಿಯಿಲ್ಲದೆಯೂ ಉಳಿದವು. ಬೆಂಗಳೂರಿನಲ್ಲಿ ಹುಟ್ಟಿದ ಗಡಿಯಾರದ ಮೇಲೆ ಹೆಸರು ರೋಮನ್ ಇಲ್ಲವೆ ದೇವನಾಗರಿಯಲ್ಲಿ ಬಂದಿತೇ ಹೊರತು, ಅದರ ರೂಢಿಯ ಮುಖಕ್ಕೆ ಕನ್ನಡದ ಅಂಕೆಗಳು ಏರಲಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷವು ಕೃತಿಯದಲ್ಲ, ಕರ್ತೃವಿನದು. ಸಣ್ಣ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರವು ಜಗತ್ತನ್ನು ಆವರಿಸುತ್ತಿರಲು, ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ ಕಾರ್ಖಾನೆ ಹೂಡಿದ, ೧೯೮೪ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ರೂಪವನ್ನೂ ಅಂಗಡಿಯನ್ನೂ ಹೊಸದಾಗಿ ಯೋಚಿಸಿತು. ಎಚ್.ಎಂ.ಟಿ.ಯಲ್ಲಿ ಯಂತ್ರ ಬಲ್ಲವರು ಬಹಳ ಜನರಿದ್ದರೂ, ಜನರ ಕಣ್ಣು ಬದಲಾಗುತ್ತಿರುವದನ್ನು ಕಾಲಕ್ಕೆ ಸರಿಯಾಗಿ ಓದಿದವರು ಸಾಲಲಿಲ್ಲ. ಹೊತ್ತನ್ನು ತೋರಿಸುವವರೇ ಹೊತ್ತನ್ನು ತಪ್ಪಿದರು.

ಈಗ ಎರಡನ್ನೂ ಅಕ್ಕಪಕ್ಕಕ್ಕೆ ಇಡಬಹುದು. ಬಂಗಾರದ ಗಡಿಯಾರವನ್ನೂ ಬಡವನ ಗಡಿಯಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವೇ ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಉತ್ತರವು ಈ ಸೀಮೆಯ ಸಾಹಿತ್ಯದಲ್ಲಿಯೇ ಇರುವದು. ಮುಧೋಳದ ಸೀಮೆಯಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅರಸರ ಆಶ್ರಯದಲ್ಲಿ ಚಂಪೂಕಾವ್ಯದ ಮಹಾಪ್ರಾಸಾದವನ್ನು ಕಟ್ಟಿದನು. ಅವನ ತರುವಾಯ ಹನ್ನೆರಡನೆಯ ಶತಮಾನದ ವಚನಕಾರರು ಆಡುಮಾತಿನಲ್ಲಿ, ನಾಲ್ಕಾರು ಸಾಲುಗಳಲ್ಲಿ, ದುಡಿಯುವವರ ಬಾಯಲ್ಲಿ ನಿಲ್ಲುವ ಮಾತನ್ನು ಆಡಿದರು. ಒಂದರಲ್ಲಿ ಅಲಂಕಾರವೇ ಔಚಿತ್ಯ, ಇನ್ನೊಂದರಲ್ಲಿ ಅಲಂಕಾರದ ತ್ಯಾಗವೇ ಔಚಿತ್ಯ. ಚಂಪೂವಿಗೆ ವಚನದ ಸರಳತೆ ಇಲ್ಲವೆಂದು ದೂರುವದೂ, ವಚನಕ್ಕೆ ಚಂಪೂವಿನ ಘನತೆ ಇಲ್ಲವೆಂದು ಮೂಗು ಮುರಿಯುವದೂ ಸಮನಾದ ಅವಿವೇಕ. ಲಾಂಗೆಯು ಚಂಪೂ, ಜನತಾ ವಚನ. ಎರಡೂ ತಮ್ಮ ತಮ್ಮ ಔಚಿತ್ಯದಲ್ಲಿ ಗೆದ್ದಿರುವವು. ಹೀಗಿರಲು ಗುಣದಲ್ಲಿ ಒಂದಕ್ಕೆ ಮೇಲು, ಒಂದಕ್ಕೆ ಕೀಳು ಎಂಬ ತೀರ್ಪು ಸಲ್ಲದು. ಭೇದವಿರುವದು ಬೇರೆ ಕಡೆಗೆ. ಅದು ಎರಡೂ ಕುಲಗಳು ಮುರಿದು ಬಿದ್ದ ಬಗೆಯಲ್ಲಿಯೂ, ಬಿದ್ದ ಮೇಲೆ ನಡೆದ ಸಂಗತಿಯಲ್ಲಿಯೂ ಇರುವದು.

೧೯೪೫ನೆಯ ಇಸ್ವಿಯ ಮೇ ೮ರಂದು, ಯುರೋಪದ ಯುದ್ಧವು ಮುಗಿಯುತ್ತಿದ್ದ ದಿನದಂದೇ, ಗ್ಲಾಸ್‌ಹ್ಯೂಟೆಯ ಮೇಲೆ ಬಾಂಬು ಬಿದ್ದು ಲಾಂಗೆಯ ಕಾರ್ಯಾಗಾರವು ನಾಶವಾಯಿತು. ೧೯೪೮ರಲ್ಲಿ ಆ ಮನೆತನದ ಆಸ್ತಿಯನ್ನು ಸರಕಾರವು ವಶಪಡಿಸಿಕೊಂಡಿತು. ಮೂಲಪುರುಷನ ಮರಿಮಗ ವಾಲ್ಟರ್ ಲಾಂಗೆಯು ಪಶ್ಚಿಮಕ್ಕೆ ಓಡಿಹೋದನು. ಇದೇ ೧೯೪೮ರಲ್ಲಿ ಜಮಖಂಡಿಯ ಸಂಸ್ಥಾನವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತೆಂಬುದನ್ನು ನೆನೆದರೆ, ಆ ಕಾಲದ ಬದಲಾವಣೆಯ ಹರವು ಈ ಸೀಮೆಯ ವಾಚಕರಿಗೆ ಮನವರಿಕೆಯಾಗುವದು. ೧೯೫೧ರಲ್ಲಿ ಗ್ಲಾಸ್‌ಹ್ಯೂಟೆಯ ಗಡಿಯಾರದ ಉದ್ಯಮಗಳೆಲ್ಲವೂ ಒಂದು ಸರಕಾರಿ ಕಾರ್ಖಾನೆಯಾಗಿ ಕೂಡಿದವು. ಲಾಂಗೆಯ ಹೆಸರು ಗಡಿಯಾರದ ಮುಖದಿಂದ ಮಾಯವಾಯಿತು. ಬರ್ಲಿನ್ನಿನ ಗೋಡೆಯು ಬಿದ್ದ ಮೇಲೆ, ೧೯೯೦ರ ಡಿಸೆಂಬರ ೭ರಂದು, ಮೊದಲನೆಯ ಸ್ಥಾಪನೆಗೆ ಸರಿಯಾಗಿ ೧೪೫ ವರ್ಷಗಳಾದ ದಿನ, ಮುದುಕನಾಗಿದ್ದ ವಾಲ್ಟರ್ ಲಾಂಗೆಯು ಗ್ಯುಂಟರ್ ಬ್ಲ್ಯೂಮ್‌ಲೈನ್ ಎಂಬ ಉದ್ಯಮಿಯ ನೆರವಿನಿಂದ ಸಂಸ್ಥೆಯನ್ನು ಮರಳಿ ಹೂಡಿದನು. ಅವನು ೨೦೧೭ರಲ್ಲಿ ತೀರಿಕೊಂಡನು.

ಅಭಿಮಾನಿಗಳ ಮಾತಿನಲ್ಲಿ ೧೮೪೫ ಎಂಬ ಅಂಕೆಯು ದೊಡ್ಡದಾಗಿಯೂ, ನಡುವಣ ೪೨ ವರ್ಷಗಳು ತೀರ ಸಣ್ಣದಾಗಿಯೂ ಕಾಣಬರುವವು. ಆದರೆ ಈ ಕುಲದ ನಿಜವಾದ ರಹಸ್ಯವು ಆ ೪೨ ವರ್ಷಗಳಲ್ಲಿಯೇ ಇರುವದು. ಮನೆತನವು ಇಲ್ಲದಾಗ, ಬಂಗಾರವು ಇಲ್ಲದಾಗ, ಸಾಮಾನ್ಯರ ಸಾದಾ ಗಡಿಯಾರಗಳನ್ನು ಮಾಡುತ್ತ ಆ ಸರಕಾರಿ ಕಾರ್ಖಾನೆಯು ಊರಿನ ಕೈಗಳಿಗೆ ಕೆಲಸವನ್ನೂ ಕಿರಿಯರಿಗೆ ಶಿಕ್ಷಣವನ್ನೂ ಕೊ­ಡುತ್ತಿದ್ದಿತು. ೧೯೯೦ರ ನಂತರ ಹೊಸ ಲಾಂಗೆಯ ಮೇಜಿನ ಮುಂದೆ ಕುಳಿತವರಲ್ಲಿ ಅಲ್ಲಿ ಪಳಗಿದವರಿದ್ದರು. ಹೀಗೆ ಶ್ರೀಮಂತರ ಗಡಿಯಾರದ ಪರಂಪರೆಯನ್ನು ಕತ್ತಲೆಯಲ್ಲಿ ಕಾಯ್ದಿಟ್ಟದ್ದು ಒಂದು ಬಗೆಯ ಜನತಾ ಗಡಿಯಾರವೇ. ಇಂದು ಆ ಊರು ತನ್ನ ಹೆಸರನ್ನು ಕಾನೂನಿನಿಂದ ಕಾಯ್ದುಕೊಂಡಿರುವದು: ೨೦೨೨ರ ಜರ್ಮನ್ ನಿಯಮದ ಮೇರೆಗೆ, ಯಂತ್ರದ ಮೌಲ್ಯದ ಅರ್ಧಕ್ಕಿಂತ ಹೆಚ್ಚಿನ ಪಾಲು ಆ ಸೀಮೆಯಲ್ಲಿಯೇ ಹುಟ್ಟಿದ ಹೊರತು ಗಡಿಯಾರದ ಮೇಲೆ ಗ್ಲಾಸ್‌ಹ್ಯೂಟೆ ಎಂದು ಬರೆಯಕೂಡದು. ಇಳಕಲ್ಲಿನ ಸೀರೆಗೆ ದೊರೆತ ಭೌಗೋಳಿಕ ಗುರುತಿನ ರಕ್ಷಣೆಯನ್ನು ಬಲ್ಲ ಈ ಜಿಲ್ಲೆಯವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಕುಲಕ್ಕೆ ಆದದ್ದೇನು? ೨೦೧೬ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರವು ಒಪ್ಪಿಗೆಯಿತ್ತಿತು. ತುಮಕೂರಿನ ಕಾರ್ಖಾನೆಯ ನೆಲವು ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗೆ ಸೇರಿತು. ಆ ಬಳಿಕವೂ ಎಚ್.ಎಂ.ಟಿ. ಹೆಸರಿನ ಗಡಿಯಾರಗಳು ಸ್ವಲ್ಪ ಪ್ರಮಾಣದಲ್ಲಿ ಮಾರಾಟಕ್ಕೆ ಬಂದಿರುವದುಂಟು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆದಿರುವದು. ಲಾಲಬಾಗಿನಲ್ಲಿ ೧೯೮೩ರಲ್ಲಿ ಆ ಸಂಸ್ಥೆಯು ನಿಲ್ಲಿಸಿದ ಹೂವಿನ ಗಡಿಯಾರವನ್ನು ನೋಡುವವರು ನೋಡುತ್ತಲಿರುವರು. ವಸ್ತುಗಳು ಉಳಿದವು, ನೆನಪು ಉಳಿಯಿತು. ಉಕ್ಕಿನ ಪಟ್ಟಿಯಿಂದ ಮೊದಲ್ಗೊಂಡು ಮುಖದ ವರೆಗೆ ಎಲ್ಲವನ್ನೂ ಒಂದೇ ನೆಲದಲ್ಲಿ ಹುಟ್ಟಿಸುತ್ತಿದ್ದ ಕಸಬಿನ ಆ ದೊಡ್ಡ ಶಾಲೆಯು ಮಾತ್ರ ಚದರಿಹೋಯಿತು. ಗ್ಲಾಸ್‌ಹ್ಯೂಟೆಯಲ್ಲಿ ಹೆಸರು ಹೋದರೂ ಕೈ ಉಳಿಯಿತು. ಇಲ್ಲಿ ಹೆಸರು ಉಳಿದು ಕೈ ಹೋಯಿತು.

ಇದರ ಫಲವಾಗಿಯೇ ಜನತಾ ಗಡಿಯಾರವು ‘ಅಪೂರ್ವ’ವಾದದ್ದು. ಈ ಅಪೂರ್ವತೆಯು ಹೊಗಳಿಕೆಯಲ್ಲ, ಒಂದು ಮರಣದ ಸುದ್ದಿ. ಲಾಂಗೆಯು ಅಪೂರ್ವವಾಗಿರುವದು ಬೇಕೆಂದೇ, ವರ್ಷಕ್ಕೆ ಕೆಲವೇ ಸಾವಿರ ಗಡಿಯಾರಗಳನ್ನು ಮಾಡುವದರಿಂದ; ಜನತಾ ಅಪೂರ್ವವಾದದ್ದು ಮಾಡುವವರು ಇಲ್ಲದಂತಾದ್ದರಿಂದ. ಪೇಟೆಯು ಈ ಭೇದವನ್ನು ತಿಳಿಯದು. ಬೆಲೆ ಏರಿದಂತೆ ಹಳೆಯ ಜನತಾ ಗಡಿಯಾರಗಳ ಮುಖವನ್ನು ಕೆರೆದು, ಮೂಲದಲ್ಲಿ ಎಂದೂ ಇಲ್ಲದ ಬಣ್ಣಗಳನ್ನೂ ಚಿತ್ರಗಳನ್ನೂ ಬಳಿದು, ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಒಂದರಲ್ಲಿ ಕೂಡಿಸಿ ಮಾರುವ ವ್ಯಾಪಾರವು ಬೆಳೆದಿರುವದು. ಹಳೆಯ ಓಲೆಗರಿಯ ಪ್ರತಿಯನ್ನು ತಿದ್ದಿ ಹೊಸ ಪಾಠವನ್ನು ಸೇರಿಸಿದಂತೆಯೇ ಇದು. ಅಂಥ ಗಡಿಯಾರವು ನಡೆಯುವದು, ಹೊಳೆಯುವದು. ಆದರೆ ಕೃತಿಯೆಂದು ಓದಲು ಅದರಲ್ಲಿ ಏನೂ ಉಳಿಯದು. ಗೀರು ಬಿದ್ದ, ಹಳದಿಯಾದ ಮೂಲ ಮುಖವು ಬಣ್ಣ ಬಳಿದ ಹೊಸ ಮುಖಕ್ಕಿಂತ ಹೆಚ್ಚು ಮಾನಕ್ಕೆ ಪಾತ್ರವೆಂಬುದನ್ನು ಕೊಳ್ಳುವವರು ಕಲಿಯಬೇಕಾಗಿರುವದು.

ಹಾಗಾದರೆ ಈಗ ಉಳಿಸತಕ್ಕದ್ದಾವದು? ಪೆಟ್ಟಿಗೆಯಲ್ಲಿಟ್ಟ ಗಡಿಯಾರವು ಪರಂಪರೆಯಲ್ಲ. ಅದನ್ನು ಬಿಚ್ಚಿ ಕೂಡಿಸಬಲ್ಲ ಕೈಯೇ ಪರಂಪರೆ. ತಾಲೂಕಿನ ಪೇಟೆಗಳಲ್ಲಿ, ಬಸ್ ನಿಲ್ದಾಣದ ಬದಿಯ ಸಣ್ಣ ಡಬ್ಬಿ ಅಂಗಡಿಗಳಲ್ಲಿ, ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಕೂತ ಗಡಿಯಾರ ರಿಪೇರಿಯವರಲ್ಲಿ ಅನೇಕರು ಈಗ ವಯಸ್ಸಾದವರು. ಎಣ್ಣೆಯನ್ನು ಎಷ್ಟು ಹನಿ ಎಲ್ಲಿ ಬಿಡಬೇಕು, ಸಿಕ್ಕುಬಿದ್ದ ಕೂದಲೆಳೆಯ ಸ್ಪ್ರಿಂಗನ್ನು ಹೇಗೆ ಬಿಡಿಸಬೇಕು ಎಂಬ ಅವರ ವಿದ್ಯೆಯು ಪುಸ್ತಕಕ್ಕೆ ಏರಿಲ್ಲ. ಅವರ ಮಾತುಗಳನ್ನು ಬರೆದಿಡುವದು, ಅವರ ಬಳಿ ಇಬ್ಬರು ಹುಡುಗರು ಕಲಿಯುವಂತೆ ಮಾಡುವದು, ಊರಿನ ಶಾಲೆಯಲ್ಲಿ ಒಂದು ಹಳೆಯ ಗಡಿಯಾರವನ್ನು ಬಿಚ್ಚಿ ತೋರಿಸುವದು, ಇವು ಸಣ್ಣ ಕೆಲಸಗಳೇ. ಲಾಂಗೆಯು ಮೊದಲು ಮಾಡಿದ್ದೂ ಹದಿನೈದು ಜನ ಹುಡುಗರನ್ನು ಕೂಡಿಸುವ ಸಣ್ಣ ಕೆಲಸವನ್ನೇ. ಸರಕಾರವು ಮುಚ್ಚಿತೆಂಬುದೇ ಕೊನೆಯ ಮಾತಾಗಬೇಕಾಗಿಲ್ಲ; ೧೯೮೯ರಲ್ಲಿ ತಮ್ಮ ದುಡ್ಡಿನಿಂದಲೂ ದುಡಿಮೆಯಿಂದಲೂ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಒಡ್ಡು ಕಟ್ಟಿದ ರೈತರು ಇದೇ ಜಮಖಂಡಿ ತಾಲೂಕಿನವರು.

ಸಾವಳಗಿಯ ಯಾವದೋ ಮನೆಯ ಗೂಡಿನಲ್ಲಿ, ಅಜ್ಜನ ಮದುವೆಯ ಗಡಿಯಾರವೊಂದು ಚಾವಿಯಿಲ್ಲದೆ ನಿಂತಿರಬಹುದು. ಅದನ್ನು ಮಾರಿದರೆ ಎಷ್ಟು ಬಂದೀತೆಂದು ಕೇಳುವ ಮೊಮ್ಮಗನಿಗೆ ಪೇಟೆಯು ಉತ್ತರ ಹೇಳುವದು. ಅದು ಮರಳಿ ನಡೆದೀತೇ ಎಂದು ಅವನು ಕೇಳಿದರೆ, ಉತ್ತರ ಹೇಳಬಲ್ಲ ಒಬ್ಬನಾದರೂ ಜಮಖಂಡಿಯ ಪೇಟೆಯಲ್ಲಿ ಉಳಿದಿರಬೇಕು.